ಊರೂರು ತಿರುಗಿ ಕಂಡುಕೊಂಡದ್ದು

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಚರಂತಿಮಠದ ಗುರುಪಾದಯ್ಯ, ನೀಲಮ್ಮ ಎಂಬ ಗಂಡಹೆಂಡಿರಿಗೆ ಹುಟ್ಟಿದ ಗುರುಬಸಯ್ಯ, ಗದಿಗೆಯ್ಯ ಎಂಬ ಇಬ್ಬರು ಮಕ್ಕಳಿಗೂ ಕಣ್ಣಿರಲಿಲ್ಲ. ಕಿರಿಯವನಾದ ಗದಿಗೆಯ್ಯ ಹುಟ್ಟಿದ್ದು 1892ರಲ್ಲಿ. ಈಗಿನ ಹಾವೇರಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗಿತ್ತು. ಸರ್ಕಾರವೆಂದರೆ ಕಂದಾಯ ಕೇಳಲು ಬರುವ ಕುಲಕರ್ಣಿ ಎಂದಷ್ಟೇ ಹಳ್ಳಿಗೆ ಗೊತ್ತಿದ್ದ ಕಾಲ ಅದು.

ಕಣ್ಣಿಲ್ಲದ ಹುಡುಗ ಬೆಳೆದು ಏನಾಗಬೇಕು? ರಂಟೆ ಹೊಡೆಯಲಾರ, ದನ ಕಾಯಲಾರ, ಅಂಗಡಿಯ ಲೆಕ್ಕ ಬರೆಯಲಾರ. ಬೀಸುವ ಕಲ್ಲಿನ ಮುಂದೆ ಕೂರಿಸಬಹುದು, ತೊಟ್ಟಿಲು ತೂಗಲು ಹಚ್ಚಬಹುದು, ಇಲ್ಲವೇ ಕೈಗೊಂದು ಕೋಲು ಕೊಟ್ಟು ಬೀದಿಗೆ ಕಳಿಸಬಹುದು. ಜಂಗಮರ ಮನೆಯ ಮಕ್ಕಳಾದ್ದರಿಂದ ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೋಗುವುದರಲ್ಲಿ ಅವಮಾನವೇನೂ ಇರಲಿಲ್ಲ. ಊರು ಕೊಡುವುದನ್ನೂ ಅವರು ಪಡೆಯುವುದನ್ನೂ ಸಂಪ್ರದಾಯವೇ ಒಪ್ಪಿತ್ತು. ಅಂದರೆ ಈ ಹುಡುಗರ ಹೊಟ್ಟೆಯ ಪ್ರಶ್ನೆಗೆ ಊರಿನ ಹತ್ತಿರ ಸಿದ್ಧ ಉತ್ತರವಿತ್ತು. ಆ ಉತ್ತರ ಸಾಲದು ಎಂದು ಯಾರಿಗಾದರೂ ಅನಿಸಬೇಕಿತ್ತು, ಅಷ್ಟೇ. ಹಾಗೆ ಅನಿಸಿದ್ದು ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳಿಗೆ.

ಕುಮಾರಸ್ವಾಮಿಗಳು ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯವರು. 1867ರಲ್ಲಿ ಹುಟ್ಟಿದ ಅವರ ಪೂರ್ವಾಶ್ರಮದ ಹೆಸರು ಹಾಲಯ್ಯ. ಬಡತನದಲ್ಲೇ ಬೆಳೆದವರು. 1904ರಲ್ಲಿ ವೀರಶೈವ ಮಹಾಸಭೆ, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರ ಕಟ್ಟಿದ ಈ ಸ್ವಾಮಿಗಳು, ಒಂದು ಕೊರತೆ ಕಂಡರೆ ಅದರ ಸುತ್ತ ಸಂಸ್ಥೆಯೊಂದನ್ನು ಎಬ್ಬಿಸದೆ ಬಿಡುತ್ತಿರಲಿಲ್ಲ. ಕಾಡಶೆಟ್ಟಿಹಳ್ಳಿಯ ಅಣ್ಣತಮ್ಮಂದಿರು ಹಾಡುವುದು ಅವರ ಕಿವಿಗೆ ಬಿತ್ತು. ಹುಡುಗರನ್ನು ತಮಗೆ ಒಪ್ಪಿಸಿ ಎಂದು ತಂದೆತಾಯಿಯನ್ನು ಕೇಳಿದರು.

ಕಣ್ಣಿಲ್ಲದವರು ಹಾಡುತ್ತಾರೆ ಎಂಬುದು ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ಪ್ರತಿ ಜಾತ್ರೆಯಲ್ಲೂ ಗುಡಿಯ ಮೆಟ್ಟಿಲ ಮೇಲೆ ಏಕತಾರಿ ಹಿಡಿದ ಒಬ್ಬಾತ ಇದ್ದೇ ಇರುತ್ತಿದ್ದ. ಜನ ಹಾಡು ಕೇಳಿ ದುಡ್ಡು ಹಾಕುತ್ತಿದ್ದರೋ ಕಣ್ಣು ನೋಡಿ ಹಾಕುತ್ತಿದ್ದರೋ ಹೇಳುವುದು ಕಷ್ಟ. ಕುಮಾರಸ್ವಾಮಿಗಳು ಆ ಎರಡನ್ನೂ ಬೇರೆ ಮಾಡಿ ನೋಡಿದರು. ಕಣ್ಣನ್ನು ಪಕ್ಕಕ್ಕಿಟ್ಟು ಹಾಡೊಂದನ್ನೇ ಕೇಳಿದರೆ ಜನ ಕೂತು ಕೇಳಬೇಕು, ಅಂಥ ವಿದ್ಯೆ ಈ ಹುಡುಗನಿಗೆ ಬರಬೇಕು. ಅದಕ್ಕೆ ಗುರು ಬೇಕು, ಹಲವು ವರ್ಷ ಬೇಕು, ಖರ್ಚು ಬೇಕು. ದಾನಕ್ಕೂ ಈ ಖರ್ಚಿಗೂ ಇರುವ ಅಂತರದಲ್ಲೇ ಈ ಕತೆಯೆಲ್ಲ ನಡೆಯುವುದು.

ಇದೇ ಪ್ರಶ್ನೆಯನ್ನು ಪ್ಯಾರಿಸ್‌ನಲ್ಲಿ ಒಬ್ಬಾತ ನೂರು ವರ್ಷ ಮೊದಲೇ ಎತ್ತಿಕೊಂಡಿದ್ದ. ವ್ಯಾಲೆಂಟಿನ್ ಹಾಯ್ 1771ರಲ್ಲಿ ಅಲ್ಲಿನ ಜಾತ್ರೆಯೊಂದರಲ್ಲಿ ಅಂಧರಿಗೆ ಕೋಡಂಗಿ ಟೊಪ್ಪಿಗೆ ತೊಡಿಸಿ, ರಟ್ಟಿನ ಕನ್ನಡಕ ಹಾಕಿಸಿ, ವಾದ್ಯ ಕೊಟ್ಟು ಜನರನ್ನು ನಗಿಸುತ್ತಿದ್ದುದನ್ನು ಕಂಡು ಹೇಸಿದ. ಮುಂದೆ 1784ರಲ್ಲಿ, ಬೇಡಿ ಮನೆ ಸಾಕುತ್ತಿದ್ದ ಫ್ರಾಂಸ್ವಾ ಲೆಸ್ಯೂರ್ ಎಂಬ ಅಂಧ ಹುಡುಗನನ್ನು ಓದಲು ಕರೆದ. ಭಿಕ್ಷೆ ಬಿಟ್ಟು ಕೂತರೆ ಮನೆಯವರು ಏನು ಉಣ್ಣಬೇಕು? ಹಾಗಾಗಿ ತಪ್ಪಿದ ಭಿಕ್ಷೆಯ ದುಡ್ಡನ್ನು ಹಾಯ್ ತಾನೇ ತುಂಬಿಕೊಟ್ಟ. ಅಂಧರ ಶಿಕ್ಷಣದ ಚರಿತ್ರೆ ಬರೆಯುವವರು ಹಾಯ್ ಮಾಡಿಸಿದ ಉಬ್ಬಕ್ಷರಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನನಗೆ ಅವನ ದೊಡ್ಡ ಕೆಲಸವಾಗಿ ಕಾಣುವುದು ಆ ದುಡ್ಡಿನ ಲೆಕ್ಕವೇ. ಶಾಲೆಗೆ ಬರುವ ಬಡ ಮಗು ಮನೆಯ ಒಂದು ಆದಾಯವನ್ನೂ ಕಡಿದುಕೊಂಡು ಬರುತ್ತದೆ ಎಂಬುದನ್ನು ಅವನು ಮೊದಲ ದಿನವೇ ಅರಿತಿದ್ದ.

ಹಾಯ್ ತೆರೆದ ಶಾಲೆಗೆ 1819ರಲ್ಲಿ ಲೂಯಿ ಬ್ರೈಲ್ ಎಂಬ ಹತ್ತು ವರ್ಷದ ಹುಡುಗ ಬಂದ. ಕತ್ತಲಲ್ಲಿ ಓದಿಕೊಳ್ಳಲು ಶಾರ್ಲ್ ಬಾರ್ಬಿಯೆ ಎಂಬಾತ ಮಾಡಿದ್ದ ಹನ್ನೆರಡು ಚುಕ್ಕಿಯ ಬರಹವನ್ನು ಹಿಡಿದು ಕೂತು, 1824ರ ಹೊತ್ತಿಗೆ, ತನ್ನ ಹದಿನೈದನೆಯ ವಯಸ್ಸಿಗೆ, ಅದನ್ನು ಆರು ಚುಕ್ಕಿಗೆ ಇಳಿಸಿದ. ಒಂದೇ ಬೆರಳ ತುದಿಯಡಿ ಒಂದು ಅಕ್ಷರ ಪೂರ್ತಿ ಕೂರುವ ಅಳತೆ ಅದು. ಬ್ರೈಲ್ ಸ್ವತಃ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದವನು. ಅದೇ ಚುಕ್ಕಿಗಳಲ್ಲಿ ಸಂಗೀತವನ್ನೂ ಬರೆಯುವ ದಾರಿ ಮಾಡಿದ. ಅವನ ಓರಗೆಯ ಕ್ಲಾಡ್ ಮೊಂತಾಲ್ ಪಿಯಾನೋ ಶ್ರುತಿ ಮಾಡುವ ಕೆಲಸ ಕಲಿತು ಅದರಲ್ಲೇ ಹೆಸರು ಮಾಡಿದ. ಅಲ್ಲಿಯೂ ಕೊನೆಗೆ ಅನ್ನ ಕೊಟ್ಟದ್ದು ಕಿವಿಯೇ.

ಇದಾವುದೂ ಹಾನಗಲ್ಲಿಗೆ ತಲುಪಿರಲಿಲ್ಲ. ಭಾರತದಲ್ಲಿ ಅಂಧರಿಗೆಂದು ಶಾಲೆ ಶುರುವಾದದ್ದು 1887ರಲ್ಲಿ, ಅಮೃತಸರದಲ್ಲಿ, ಆ್ಯನಿ ಶಾರ್ಪ್ ಎಂಬ ಮಿಷನರಿಯಿಂದ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದರು. ಆದರೆ ಮೈಸೂರು ಬೇರೆ ಸಂಸ್ಥಾನ. ಕಾಡಶೆಟ್ಟಿಹಳ್ಳಿಯ ಮನೆಗೆ ಅದು ದೂರದ ಮಾತು.

ಆಗ ಕಣ್ಣು ಕಳೆದುಕೊಂಡ ಮಕ್ಕಳು ಅಷ್ಟೊಂದು ಯಾಕಿದ್ದರು ಎಂದರೆ, ಕಾರಣಗಳು ಸಾಲಾಗಿದ್ದವು. ಸಿಡುಬು ಬಂದು ಹೋದರೆ ಮುಖದ ಮೇಲೆ ಕಲೆ ಉಳಿಸುತ್ತಿತ್ತು, ಎಷ್ಟೋ ಸಲ ಕಣ್ಣುಗುಡ್ಡೆಯ ಮೇಲೂ. ಬರ ಬಿದ್ದ ವರ್ಷ ಹಾಲು, ತುಪ್ಪ, ಸೊಪ್ಪು ಕಾಣದ ಕೂಸಿಗೆ ಮೊದಲು ಇರುಳುಗುರುಡು ಬಂದು, ಆಮೇಲೆ ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರವೇ ಕರಗಿಹೋಗುತ್ತಿತ್ತು. ಅದಕ್ಕೆ ಎ ಜೀವಸತ್ವದ ಕೊರತೆ ಕಾರಣ ಎನ್ನುವ ಸುಳಿವಿನ ಎಳೆ ಅಮೆರಿಕದ ಪ್ರಯೋಗಶಾಲೆಗಳಲ್ಲಿ ಸಿಕ್ಕಿದ್ದು 1913ರಲ್ಲಿ. ಹೆರಿಗೆಯ ಹೊತ್ತಿಗೆ ಕೂಸಿನ ಕಣ್ಣಿಗೆ ಸೋಂಕು ತಗಲದಂತೆ ಬೆಳ್ಳಿಯ ಲವಣದ ಹನಿ ಹಾಕುವುದನ್ನು ಜರ್ಮನಿಯ ವೈದ್ಯ ಕ್ರೆಡೆ 1881ರಲ್ಲೇ ಪ್ರಕಟಿಸಿದ್ದ, ಆದರೆ ಹಳ್ಳಿಯ ಸೂಲಗಿತ್ತಿಯ ಕೈಗೆ ಅದು ಬರಲು ಎಷ್ಟೋ ದಶಕ ಬೇಕಾದವು. ಭಾರತದಲ್ಲಿ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಸಿಡುಬು ತೊಲಗಿದ್ದು 1975ರಲ್ಲಿ. ಅಲ್ಲಿಯವರೆಗೆ ಹುಟ್ಟಿದ ಎಷ್ಟೋ ಮಕ್ಕಳ ಪಾಲಿಗೆ ತಡೆಗಟ್ಟುವ ವಿದ್ಯೆ ಇಲ್ಲವೆಂದೇ ಲೆಕ್ಕ. ಉಳಿದದ್ದು, ಕಣ್ಣು ಹೋದ ಮೇಲೆ ಬದುಕುವ ವಿದ್ಯೆ.

ಗದಿಗೆಯ್ಯನ ಕಲಿಕೆ ಕರ್ನಾಟಕ ಸಂಗೀತದಿಂದ ಶುರುವಾಯಿತು. ಆಮೇಲೆ ಹಿಂದೂಸ್ತಾನಿಗೆ ಹೊರಳಿತು. ಮಿರಜದ ನೀಲಕಂಠ ಬುವಾ ಅವರ ಹತ್ತಿರ ಅವರು ಕಲಿತರು. ಮಲ್ಲಿಕಾರ್ಜುನ ಮನಸೂರರಿಗೂ ಎಳವೆಯಲ್ಲಿ ಗುರುವಾದವರು ಇದೇ ನೀಲಕಂಠ ಬುವಾ. ಎರಡೂ ಪದ್ಧತಿ ಕೈವಶವಾದ ಗವಾಯಿಗಳು ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು, ತಬಲಾದಿಂದ ಹಾರ್ಮೋನಿಯಂವರೆಗೆ ಕೈಗೆ ಸಿಕ್ಕ ವಾದ್ಯವನ್ನೆಲ್ಲ ಕಲಿತರು, ಶಿವಯೋಗಮಂದಿರದಲ್ಲಿ ಸಂಗೀತದ ಪಾಠ ಹೇಳತೊಡಗಿದರು. ಮದುವೆಯಾಗದೆ, ತಮ್ಮಂತೆ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳಿಗೆ ಈ ವಿದ್ಯೆಯನ್ನು ದಾಟಿಸುವುದಾಗಿ ಗುರುಗಳಿಗೆ ಮಾತು ಕೊಟ್ಟರು.

ಈ ಕಲಿಕೆಯೊಳಗೇ ದೊಡ್ಡದೊಂದು ಅನುಕೂಲ ಅಡಗಿತ್ತು. ಪ್ಯಾರಿಸ್ಸಿನ ಹುಡುಗ ಆರ್ಗನ್ ನುಡಿಸಬೇಕಾದರೆ ಕಾಗದದ ಮೇಲಿನ ಸ್ವರಲಿಪಿಯನ್ನು ಹೇಗಾದರೂ ಓದಬೇಕು, ಯಾಕೆಂದರೆ ಅವರ ಸಂಗೀತ ಇರುವುದೇ ಬರಹದಲ್ಲಿ. ಅದಕ್ಕೇ ಅಲ್ಲಿ ಮೊದಲು ಲಿಪಿ ಹುಟ್ಟಬೇಕಾಯಿತು. ನಮ್ಮ ಸಂಗೀತ ಇದ್ದದ್ದು ಗುರುವಿನ ಗಂಟಲಲ್ಲಿ. ಕಣ್ಣಿದ್ದವನೂ ತಂಬೂರಿಯ ಪಕ್ಕ ಕೂತು ಷಡ್ಜ ಹಿಡಿಯಬೇಕು, ಗುರು ಹೇಳಿದ್ದನ್ನು ತಿರುಗಿ ಹೇಳಬೇಕು, ತಪ್ಪಿದರೆ ಮತ್ತೆ ಹೇಳಬೇಕು. ಬಂದಿಶ್ ಬರೆದುಕೊಳ್ಳುವ ಶಿಷ್ಯನನ್ನು ಹಳೆಯ ಉಸ್ತಾದರು ಗದರಿಸುತ್ತಿದ್ದರಂತೆ. ಹೀಗೆ ಇಡೀ ಪಠ್ಯವೇ ಕಿವಿಯಿಂದ ಕಿವಿಗೆ ಸಾಗುವ ಜಾಗದಲ್ಲಿ ಕಣ್ಣಿಲ್ಲದ ಹುಡುಗ ಕಣ್ಣಿದ್ದವನ ಸರಿಸಮಕ್ಕೆ ಕೂರಬಲ್ಲ. ಹಾಗೆ ನೋಡಿದರೆ ಆ ಕಾಲದ ಉತ್ತರ ಕರ್ನಾಟಕದಲ್ಲಿ ಅಂಥ ಜಾಗ ಇದ್ದದ್ದು ಬಹುಶಃ ಇದೊಂದೇ.

ವಾದ್ಯಗಳೂ ಒದಗಿಬಂದವು. ಹಾರ್ಮೋನಿಯಂನ ಕರಿ ಮನೆಗಳು ಎರಡು, ಮೂರು, ಎರಡು, ಮೂರು ಎಂದು ಗುಂಪುಗಟ್ಟಿ ಎತ್ತರಕ್ಕೆ ನಿಂತಿರುತ್ತವೆ. ಬೆರಳಾಡಿಸಿದರೆ ಎಲ್ಲಿದ್ದೇವೆ ಎಂದು ತಾನಾಗಿ ತಿಳಿಯುತ್ತದೆ. ತಬಲಾದ ಬೋಲುಗಳನ್ನು ಮೊದಲು ಬಾಯಲ್ಲಿ ಕಲಿಯುವುದೇ ಪದ್ಧತಿ. ಕೈ ಇಡುವ ಜಾಗವನ್ನು ಗುರು ಶಿಷ್ಯನ ಕೈ ಹಿಡಿದು ತೋರಿಸುತ್ತಾನೆ, ಮುಂದಿನದು ಕರಣೆಯ ಅಂಚು ಮುಟ್ಟಿ ಗೊತ್ತಾಗುತ್ತದೆ. ಇದನ್ನೆಲ್ಲ ಯಾರೂ ಅಂಧರಿಗೆಂದು ಮಾಡಿದ್ದಲ್ಲ. ಇದ್ದದ್ದನ್ನು ಗುರುತಿಸಿದ್ದೇ ಇಲ್ಲಿನ ಶೋಧ.

ಇನ್ನು ದುಡ್ಡು. ಸರ್ಕಾರದ ಅನುದಾನವಿಲ್ಲ, ವಿದೇಶದ ಮಿಷನ್ ಇಲ್ಲ. ಮಕ್ಕಳ ಕೂಟಕ್ಕೆ ದಿನಾ ಎರಡು ಹೊತ್ತು ರೊಟ್ಟಿ ಎಲ್ಲಿಂದ? 1910ರ ದಶಕದಲ್ಲಿ ಗವಾಯಿಗಳು ಹಿಡಿದ ದಾರಿ ವಿಚಿತ್ರವಾಗಿತ್ತು: ಶಾಲೆಗೆ ಕಟ್ಟಡ ಹುಡುಕುವುದನ್ನೇ ಬಿಟ್ಟರು. ಕುಮಾರೇಶ್ವರ ಕೃಪಾಪೋಷಿತ ಎಂದು ಗುರುವಿನ ಹೆಸರು ಹೊತ್ತ ಸಂಗೀತ ಪಾಠಶಾಲೆ ಸಂಚಾರಿಯಾಯಿತು. ಇಂದು ಈ ಊರಿನ ಮಠ, ತಿಂಗಳು ಕಳೆದು ಇನ್ನೊಂದು ಊರಿನ ಗುಡಿ. ವಾದ್ಯಗಳು, ಹಾಸಿಗೆ, ಮಕ್ಕಳು ಎಲ್ಲ ಒಟ್ಟಿಗೆ. ಹಗಲು ಪಾಠ, ರಾತ್ರಿ ಊರವರ ಮುಂದೆ ಗಾಯನ, ಪುರಾಣ, ಕೀರ್ತನ.

ಇದರ ಲೆಕ್ಕಾಚಾರ ನೋಡಿದರೆ ಬೆರಗಾಗುತ್ತದೆ. ಒಂದೇ ಊರು ಮೂವತ್ತು ಮಕ್ಕಳನ್ನು ವರ್ಷವಿಡೀ ಸಾಕಲಾರದು. ಮೂರನೆಯ ತಿಂಗಳಿಗೆ ದಾನಿಗಳ ಮುಖ ಸಪ್ಪಗಾಗುತ್ತದೆ. ಸುಗ್ಗಿ ಮುಗಿದ ಊರು ಒಂದು ತಿಂಗಳು ಸಾಕಲು ಹಿಂದೆಗೆಯುವುದಿಲ್ಲ. ಭಾರ ಹೀಗೆ ನೂರಾರು ಹಳ್ಳಿಗೆ ತೆಳ್ಳಗೆ ಹಂಚಿಹೋಯಿತು. ಊರಿಗೆ ರಾತ್ರಿ ಹಾಡು ಸಿಕ್ಕಿತು, ಹುಡುಗರಿಗೆ ಬೆಳಿಗ್ಗೆ ಕಲಿತದ್ದನ್ನು ರಾತ್ರಿ ಜನರೆದುರು ಹಾಡುವ ರೂಢಿ ಸಿಕ್ಕಿತು. ಸಭೆಯ ಅಂಜಿಕೆ ಹೋಗಲು ಇದಕ್ಕಿಂತ ಒಳ್ಳೆಯ ತರಬೇತಿ ಈಗಿನ ಸಂಗೀತ ಕಾಲೇಜುಗಳಲ್ಲೂ ಇಲ್ಲ. ಇನ್ನೊಂದು ಲಾಭವಿತ್ತು. ಶಾಲೆ ತಾನೇ ಊರಿಗೆ ಬಂದದ್ದರಿಂದ, ಮನೆಯ ಮೂಲೆಯಲ್ಲಿ ಕೂತ ಕಣ್ಣಿಲ್ಲದ ಮಗುವಿನ ಸುದ್ದಿ ತಾನಾಗಿ ಅದರ ಕಿವಿಗೆ ಬೀಳುತ್ತಿತ್ತು. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕಟ್ಟಡ ಕಟ್ಟಿ ಕೂತಿದ್ದರೆ ಹಾವೇರಿ ಸೀಮೆಯ ಹಳ್ಳಿಯ ಅಂಥ ಮಗುವನ್ನು ಯಾರು ಕರೆತರುತ್ತಿದ್ದರು?

ಹಾಗೆ ಸಿಕ್ಕವರಲ್ಲಿ ಪುಟ್ಟಯ್ಯ ಒಬ್ಬ. ಹಾವೇರಿ ತಾಲ್ಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಈತನಿಗೆ ಎಳವೆಯಲ್ಲೇ ದೃಷ್ಟಿ ಹೋಯಿತು. ತಂದೆತಾಯಿಯ ಆಸರೆ ತಪ್ಪಿದ ಹುಡುಗನನ್ನು ಸಾಕಿದ್ದು ಸೋದರಮಾವ ಚಂದ್ರಶೇಖರಯ್ಯ. ಮಾವ ನುಡಿಸುವ ಹಾರ್ಮೋನಿಯಂ ಅನ್ನು ಹುಡುಗ ತಾನೂ ನುಡಿಸಲು ನೋಡುತ್ತಿದ್ದ. ಮಾವ ಗದರಿಸಿ ಪೆಟ್ಟಿಗೆ ಮುಚ್ಚಿಡುವ ಬದಲು ಹುಡುಗನನ್ನು ಪಂಚಾಕ್ಷರ ಗವಾಯಿಗಳ ಹತ್ತಿರ ಒಯ್ದು ಬಿಟ್ಟ. ಮುಂದೆ ಪುಟ್ಟರಾಜ ಗವಾಯಿಗಳಾದ ಈ ಹುಡುಗನ ಬಗ್ಗೆ ಬರೆದವರು ಗುರುವನ್ನು ಹೊಗಳುತ್ತಾರೆ, ಶಿಷ್ಯನನ್ನು ಹೊಗಳುತ್ತಾರೆ. ಮಾವನಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ದಿಕ್ಕಿಲ್ಲದ ಮಕ್ಕಳ ಕತೆಗಳಲ್ಲಿ ಹೀಗೆ ನಡುವೆ ಕೈಹಿಡಿದು ದಾಟಿಸಿದ ಸಂಬಂಧಿಕ ಒಬ್ಬ ಇದ್ದೇ ಇರುತ್ತಾನೆ.

ಅದೇ ಪಾಠಶಾಲೆಗೆ ಕಣ್ಣಿದ್ದ ಅನಾಥರೂ ಬಂದರು. ಕುಂದಗೋಳ ಸೀಮೆಯ ಯಲಿವಾಳದ ಬಸವರಾಜ ರಾಜಗುರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಹದಿಮೂರರ ಹೊತ್ತಿಗೆ ತಂದೆಯನ್ನು ಕಳೆದುಕೊಂಡರು. ಅವರ ದನಿ ಗವಾಯಿಗಳಿಗೆ ಹಿಡಿಸಿತು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ರಾಜಗುರು ಹಾಡಿದರು, ತಬಲಾ ಸಾಥಿಗೆ ಕೂತವರು ಸ್ವತಃ ಗುರು. ಶಿಷ್ಯ ಮುಂದೆ, ಗುರು ಪಕ್ಕದಲ್ಲಿ. ಈ ಸಂಸ್ಥೆಯ ಸ್ವಭಾವ ತಿಳಿಯಲು ಆ ಒಂದು ಕಛೇರಿಯ ಕೂರುವ ಕ್ರಮವೇ ಸಾಕು.

1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಹಿಂದೆ ನಿಂತಿದ್ದ ದೊಡ್ಡ ಹೆಸರು ಹೋಯಿತು, ಮಕ್ಕಳ ಸಂಖ್ಯೆ ಮಾತ್ರ ಏರುತ್ತಲೇ ಇತ್ತು. ಬರೀ ಗಾಯನದಿಂದ ಹೊಟ್ಟೆ ತುಂಬದಾದಾಗ ನಾಟಕ ಬಂತು. ಆಗಿನ ಉತ್ತರ ಕರ್ನಾಟಕದಲ್ಲಿ ನಾಟಕ ಕಂಪನಿಯೆಂದರೆ ಜನ ಬಂಡಿ ಕಟ್ಟಿಕೊಂಡು ಬಂದು ಟಿಕೆಟ್ ಕೊಳ್ಳುವ ವ್ಯವಹಾರ. ಗದುಗಿನಲ್ಲೇ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇತ್ತು. ರಂಗಗೀತೆಯಿಲ್ಲದೆ ನಾಟಕವಿಲ್ಲ, ಹಾರ್ಮೋನಿಯಂ, ತಬಲಾ ಇಲ್ಲದೆ ರಂಗಗೀತೆಯಿಲ್ಲ. ಪಾಠಶಾಲೆಯ ಹುಡುಗರಿಗೆ ಬರುತ್ತಿದ್ದುದು ಅದೇ. ಒಬ್ಬ ಮಠದ ಗವಾಯಿ ನಾಟಕ ಕಂಪನಿ ನಡೆಸುವುದು ಎಲ್ಲರಿಗೂ ಹಿಡಿಸುವ ಮಾತಲ್ಲ. ಆದರೂ ನಡೆಸಿದರು. ಮುಂದೆ ಪುಟ್ಟರಾಜರು ತಾವೇ ನಾಟಕಗಳನ್ನು ರಚಿಸಿ ಆಡಿಸಿದರು, ಅದರ ಗಲ್ಲಾಪೆಟ್ಟಿಗೆ ಪಾಠಶಾಲೆಯ ಒಲೆಗೆ ಹೋಯಿತು. ಕಂಪನಿಗೆ ನಷ್ಟವಾದ ವರ್ಷವೂ ಒಲೆ ಹೊತ್ತಲೇಬೇಕಿತ್ತು. ಆಗ ಮತ್ತೆ ಜೋಳಿಗೆ.

ಹೆಚ್ಚುಕಡಿಮೆ ಮೂವತ್ತು ವರ್ಷ ತಿರುಗಿದ ಮೇಲೆ ಪಾಠಶಾಲೆ ನೆಲೆ ಕಂಡದ್ದು ಗದುಗಿನಲ್ಲಿ, 1940ರ ದಶಕದ ಆರಂಭಕ್ಕೆ. ಗದಗ ರೈಲು ಜಂಕ್ಷನ್, ಹತ್ತಿ ಪೇಟೆ. ನಾಲ್ಕೂ ಕಡೆಯಿಂದ ಜನ ಬಂದುಹೋಗುವ, ವರ್ತಕರ ಕೈಯಲ್ಲಿ ದುಡ್ಡಾಡುವ ಊರು. ಬಸರಿಗಿಡದ ವೀರಪ್ಪ ಎಂಬ ಅಲ್ಲಿನ ದಾನಿ ಆಸರೆಯಾದರು. ವೀರೇಶ್ವರ ಪುಣ್ಯಾಶ್ರಮ ಎಂದು ಹೆಸರಾಯಿತು. ನೆಲೆ ಸಿಕ್ಕ ಸ್ವಲ್ಪ ಕಾಲಕ್ಕೇ, 1944ರ ಜೂನ್ 11ರಂದು, ಪಂಚಾಕ್ಷರ ಗವಾಯಿಗಳು ತೀರಿಕೊಂಡರು. ಹೊಣೆ ಮೂವತ್ತು ವರ್ಷದ ಪುಟ್ಟರಾಜರ ಮೇಲೆ ಬಿತ್ತು. ಅವರು ಅದನ್ನು 2010ರ ಸೆಪ್ಟೆಂಬರ್ 17ರಂದು ಕೊನೆಯುಸಿರೆಳೆಯುವವರೆಗೆ, ಅರವತ್ತಾರು ವರ್ಷ ಹೊತ್ತರು.

ಆ ಅರವತ್ತಾರು ವರ್ಷದಲ್ಲಿ ಆದದ್ದರ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ: ಎಂಬತ್ತಕ್ಕೂ ಹೆಚ್ಚು ಪುಸ್ತಕ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಬರವಣಿಗೆ, ಹಿಂದಿಯಲ್ಲಿ ಬಸವಪುರಾಣ, 1975ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2010ರಲ್ಲಿ ಪದ್ಮಭೂಷಣ. ನನಗೆ ಇವೆಲ್ಲಕ್ಕಿಂತ ಕುತೂಹಲ ಹುಟ್ಟಿಸುವುದು ತುಲಾಭಾರ. ಭಕ್ತರು ಪುಟ್ಟರಾಜರನ್ನು ತಕ್ಕಡಿಯ ಒಂದು ಕಡೆ ಕೂರಿಸಿ, ಇನ್ನೊಂದು ಕಡೆ ನಾಣ್ಯ ಸುರಿದು ತೂಗುತ್ತಿದ್ದರು. ಆ ದುಡ್ಡು ಆಶ್ರಮಕ್ಕೆ. ಊರೂರಲ್ಲಿ, ವರ್ಷಗಟ್ಟಲೆ, ಇಳಿವಯಸ್ಸಿನಲ್ಲೂ ಅವರು ತಕ್ಕಡಿಯಲ್ಲಿ ಕೂತರು. ಹೊರಗಿನವರಿಗೆ ಅದು ಆಡಂಬರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಒಳಗಿನ ಲೆಕ್ಕ ಬೇರೆ. ಬೇಡುವವನಿಗೆ ಕೊಡುವಾಗ ಜನ ಕಡಿಮೆ ಕೊಡುತ್ತಾರೆ, ಪೂಜಿಸುವಾಗ ತೂಕಕ್ಕೆ ತೂಕ ಕೊಡುತ್ತಾರೆ ಎಂಬುದನ್ನು ಬೀದಿಬೀದಿ ತಿರುಗಿದವರಿಗಿಂತ ಚೆನ್ನಾಗಿ ಬಲ್ಲವರಾರು?

ಬ್ರೈಲ್ ಲಿಪಿ ಇಲ್ಲಿಗೆ ಬಂದದ್ದು ಈ ನಡುವೆ, ಸಂಗೀತದ ಹಿಂದೆ ಹಿಂದೆ. ಅದಕ್ಕೂ ಒಂದು ಕತೆಯಿದೆ. ಭಾರತದಲ್ಲಿ ಒಂದೊಂದು ಪ್ರಾಂತ್ಯ ಒಂದೊಂದು ಬಗೆಯ ಬ್ರೈಲ್ ಮಾಡಿಕೊಂಡಿತ್ತು. ಒಂದು ಶಾಲೆಯಲ್ಲಿ ಕಲಿತವನಿಗೆ ಇನ್ನೊಂದು ಶಾಲೆಯ ಪುಸ್ತಕ ಓದಲು ಬರುತ್ತಿರಲಿಲ್ಲ. ಯುನೆಸ್ಕೋ ಇದಕ್ಕೆ ಕೈಹಾಕಿದಾಗ ಮುಂದೆ ನಿಂತವರು ಕ್ಲೂಥಾ ಮೆಕೆಂಝಿ, ಮೊದಲ ಮಹಾಯುದ್ಧದ ಗೆಲಿಪೊಲಿಯಲ್ಲಿ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಸೈನಿಕ. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ನೆಲೆಯ ಭಾರತಿ ಬ್ರೈಲ್ ಒಪ್ಪಿತವಾಯಿತು. ಕನ್ನಡದ ‘ಕ’ಗೂ ಹಿಂದಿಯ ‘ಕ’ಗೂ ಅದರಲ್ಲಿ ಚುಕ್ಕಿಗಳ ಜೋಡಣೆ ಒಂದೇ. ಕಾಗುಣಿತದ ಕೊಂಬು, ಇಳಿ, ಒತ್ತಕ್ಷರಗಳ ಮೇಲೆಕೆಳಗಿನ ಗೋಜು ಇಲ್ಲ. ವ್ಯಂಜನ, ಅದರ ಪಕ್ಕ ಸ್ವರ, ಸಾಲಾಗಿ. ಪುಟ್ಟರಾಜರು ಭಗವದ್ಗೀತೆಯನ್ನು ಬ್ರೈಲಿಗೆ ಇಳಿಸಿದರು. ಕಂಠಪಾಠದ ಮೇಲೆ ನಿಂತಿದ್ದ ಮನೆಗೆ ಕೊನೆಗೂ ಓದಲು ಪುಸ್ತಕ ಬಂತು.

ಗದುಗಿನಲ್ಲಿ ಕಣ್ಣಿದ್ದ ಬಡ ಮಕ್ಕಳನ್ನು ಬೇರೆಯಾಗಿ ಇಡಲಿಲ್ಲ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶ ಕುಮಾರ್, ಜನಪದ ಹಾಡುಗಾರ ಹುಲೆಪ್ಪನವರ ಮಗ, ಹುಡುಗನಾಗಿದ್ದಾಗ ಆಶ್ರಮ ಸೇರಿ ಹನ್ನೆರಡು ವರ್ಷ ಕಲಿತರು. ಮುಂದೆ ಧಾರವಾಡದ ಸಂಗೀತ ಕಾಲೇಜಿನಲ್ಲಿ ಪಾಠ ಹೇಳಿ, 2016ರಲ್ಲಿ ಪದ್ಮಶ್ರೀ ಪಡೆದರು. ಅಂಧರೂ ಕಣ್ಣಿದ್ದವರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ತಂಬೂರಿಗೆ ದನಿಗೂಡಿಸುವ ಈ ಏರ್ಪಾಟನ್ನು ಇವತ್ತಿನ ಶಿಕ್ಷಣತಜ್ಞರು ಸಮನ್ವಯ ಶಿಕ್ಷಣ ಎಂದು ಕರೆದು ವಿಚಾರ ಸಂಕಿರಣ ನಡೆಸುತ್ತಾರೆ. ಇಲ್ಲಿ ಅದು ಜಾಗ ಸಾಲದ್ದರಿಂದ ಆಗಿದ್ದರೂ ಆಗಿರಬಹುದು!

ಹೆಸರು ಮಾಡಿದ ಶಿಷ್ಯರು ನಾಲ್ಕಾರು. ಹೆಸರಾಗದವರ ಸಂಖ್ಯೆಯೇ ದೊಡ್ಡದು. ಹೈಸ್ಕೂಲಿನ ಸಂಗೀತ ಮೇಷ್ಟ್ರು, ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ ನುಡಿಸುವವರು, ಆಕಾಶವಾಣಿಯ ಕಲಾವಿದರು, ಶ್ರಾವಣದಲ್ಲಿ ಮಠಗಳಿಂದ ಮಠಕ್ಕೆ ಹೋಗುವ ತಬಲಾದವರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಯಾವ ಊರಿನಲ್ಲಿ ಪುರಾಣ ಹಚ್ಚಿದರೂ ವೇದಿಕೆಯ ಮೇಲೆ ಗದುಗಿನ ಕಲಿಕೆಯವರು ಒಬ್ಬರಾದರೂ ಸಿಕ್ಕುವುದು ಸಾಮಾನ್ಯ. ಅವರ ಸಂಭಾವನೆ ದೊಡ್ಡದಲ್ಲ. ಆದರೆ ಅದು ಕೂಲಿ, ಭಿಕ್ಷೆಯಲ್ಲ. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರ 1995ರಲ್ಲಿ ಬಂದು, ಹಂಸಲೇಖರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಗಾಯನಕ್ಕೂ ರಾಷ್ಟ್ರಪ್ರಶಸ್ತಿ ತಂದಿತು. ಸಿನಿಮಾ ಗುರುವಿನ ಮಹಿಮೆಯ ಕಡೆ ವಾಲಿತು, ಅದರ ಧರ್ಮವೇ ಅದು. ರೊಟ್ಟಿಯ ಲೆಕ್ಕ ತೆರೆಯ ಮೇಲೆ ಚೆಂದ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗಲನ್ನೂ ನೋಡಬೇಕು. ಮಕ್ಕಳನ್ನು ಗುಂಪಾಗಿ ಇಟ್ಟು ಸಾಕುವ ಪದ್ಧತಿಯ ಮೇಲೆ ಜಗತ್ತಿನ ತಿಳಿವಳಿಕೆ ಬದಲಾಗಿದೆ. ಜಾನ್ ಬೋಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕೊಟ್ಟ ವರದಿಯಲ್ಲಿ, ಹೊಟ್ಟೆ ತುಂಬಿದರೂ ತನ್ನದೆನ್ನುವ ಒಬ್ಬರಿಲ್ಲದ ಕೂಸು ಸೊರಗುತ್ತದೆ ಎಂದು ತೋರಿಸಿದ. ರುಮೇನಿಯಾದ ಅನಾಥಾಲಯಗಳ ಮಕ್ಕಳನ್ನು 2000ದಿಂದ ಹಿಂಬಾಲಿಸಿದ ಸಂಶೋಧಕರು, ಎಳವೆಯಲ್ಲೇ ಮನೆಗಳಿಗೆ ಹೋದ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಬೆಳೆದದ್ದನ್ನು ದಾಖಲಿಸಿದರು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಯನ್ನು ಕೊನೆಯ ದಾರಿ ಎಂದೇ ಹೇಳುತ್ತದೆ. ಈಗ ಹಾವೇರಿ ಬಸ್‌ಸ್ಟ್ಯಾಂಡಿನಲ್ಲೋ ರಾಣೆಬೆನ್ನೂರು ಸ್ಟೇಷನ್ನಿನಲ್ಲೋ ಒಂಟಿ ಮಗು ಸಿಕ್ಕರೆ ಯಾವ ಆಶ್ರಮವೂ, ಎಷ್ಟೇ ಒಳ್ಳೆಯ ಮನಸ್ಸಿದ್ದರೂ, ನೇರವಾಗಿ ಕರೆದೊಯ್ದು ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕು, ಇಪ್ಪತ್ತನಾಲ್ಕು ತಾಸಿನೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು, ಮನೆಯವರ ಹುಡುಕಾಟ ನಡೆಯಬೇಕು. ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ, ಮಗುವನ್ನು ಸಂಬಂಧಿಕರ ಮನೆಯಲ್ಲೇ ಉಳಿಸಲೆಂದು. ಚಂದ್ರಶೇಖರಯ್ಯನಂಥ ಸೋದರಮಾವನಿಗೆ ಆಗ ಅಂಥದ್ದೊಂದು ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಬಹುದು. ಪುಟ್ಟಯ್ಯ ಮನೆಯಲ್ಲೇ ಉಳಿದುಬಿಡುತ್ತಿದ್ದನೇನೋ.

ಗವಾಯಿಗಳು ಕಂಡುಕೊಂಡ ದಾರಿಗೆ ಇನ್ನೂ ದೊಡ್ಡ ಮಿತಿಯೊಂದಿತ್ತು. ಅದು ಕಿವಿ ಇದ್ದವರ ದಾರಿ. ಕಣ್ಣಿಲ್ಲದ ಮಗುವಿಗೆ ಗುಡಿಯ ಮುಂದೆ ಹಾಡುವ ಅವಕಾಶವಾದರೂ ಇತ್ತು. ಹುಟ್ಟು ಕಿವುಡು ಮಗು ಆಗಲೂ ಯಾರ ಕಿವಿಗೂ ಬೀಳಲಿಲ್ಲ, ಸಂಚಾರಿ ಪಾಠಶಾಲೆ ಅದರ ಮನೆಯ ಮುಂದೆಯೇ ಹಾದುಹೋದರೂ. ನೋಡಲು ಆರೋಗ್ಯವಾಗೇ ಇರುವ ಕೂಸಿಗೆ ಕೇಳಿಸುವುದಿಲ್ಲ ಎಂದು ಮನೆಯವರಿಗೆ ಗೊತ್ತಾಗುವುದು, ಮಾತು ಬರಬೇಕಾದ ವಯಸ್ಸು ಕಳೆದ ಮೇಲೆ. ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂದು ಹಿರಿಯರು ಸಮಾಧಾನ ಹೇಳುವಷ್ಟರಲ್ಲಿ ಮೂರು ವರ್ಷ ಹೋಗಿರುತ್ತದೆ. ಇವತ್ತು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆಗಳಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಕೂಸಿನ ಕಿವಿ ಪರೀಕ್ಷಿಸುವ ಉಪಕರಣವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಜೀಪು ಹತ್ತಿ ಅಂಗನವಾಡಿಯಿಂದ ಅಂಗನವಾಡಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಸರ್ಕಾರದ ನೆರವೂ ಇದೆ. ಹುಟ್ಟಿನಿಂದ ಕೇಳಿಸದ ಮಗುವಿಗೆ ಆ ನೆರವಿನ ಗಡುವು ಐದನೆಯ ವಯಸ್ಸು.